ವಿಶ್ವಾಸಿಯಲ್ಲಿ ಪಾಪಸ್ವಭಾವ ಇನ್ನೂ ಉಳಿದಿದೆಯೇ?

ಧಾರವಾಡದ ಓದುಗ

ಎಲ್ಲರಿಗೂ ವಂದನೆಗಳು. ನಮ್ಮ ಕಡೆಯ ಮನೆಕೂಟಗಳಲ್ಲಿ ಈಚೆಗೆ ಒಂದು ಬೋಧನೆ ಬಲವಾಗಿ ಕೇಳಿಬರುತ್ತಿದೆ. ಕ್ರಿಸ್ತನನ್ನು ನಂಬಿ ಹೊಸದಾಗಿ ಹುಟ್ಟಿದವನಲ್ಲಿ ಪಾಪಸ್ವಭಾವವೆಂಬುದು ಉಳಿದೇ ಇಲ್ಲ, ಅದು ಶಿಲುಬೆಯ ಮೇಲೆಯೇ ಸತ್ತುಹೋಯಿತು, ಆದುದರಿಂದ ವಿಶ್ವಾಸಿಯಾದವನು ಮೊಣಕಾಲೂರಿ ‘ನಾನು ಪಾಪಿ’ ಎಂದು ಹೇಳಿಕೊಳ್ಳುವುದೇ ಅವಿಶ್ವಾಸ ಎಂಬುದು ಅದರ ತಿರುಳು. ಭಾನುವಾರ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ದೇವಾಲಯಕ್ಕೆ ಹೋದರೆ ಆರಾಧನೆಯಲ್ಲಿ ಮೊದಲು ಮಾಡುವ ಕೆಲಸಗಳಲ್ಲಿ ಒಂದು ಪಾಪದ ಅರಿಕೆ. ಬುಧವಾರದ ಕೂಟದಲ್ಲಿ ಅದೇ ಅರಿಕೆಯನ್ನು ಅವಿಶ್ವಾಸವೆನ್ನುತ್ತಾರೆ. ಎರಡೂ ಕಡೆ ಕುಳಿತುಕೊಳ್ಳುವ ನನ್ನಂಥವರು ಯಾವುದನ್ನು ನಂಬಬೇಕು?

ವಚನಗಳು ಎರಡೂ ಪಕ್ಷಕ್ಕೆ ದೊರೆಯುತ್ತವೆ ಎಂಬುದು ನನಗೆ ತಿಳಿದಿದೆ. ರೋಮಾಪುರದವರಿಗೆ 6:6, ಎರಡನೆಯ ಕೊರಿಂಥ 5:17, ಒಂದನೆಯ ಯೋಹಾನ 3:9 ಒಂದು ಕಡೆ. ರೋಮಾಪುರದವರಿಗೆ 7, ಗಲಾತ್ಯದವರಿಗೆ 5:17, ಒಂದನೆಯ ಯೋಹಾನ 1:8 ಇನ್ನೊಂದು ಕಡೆ. ವಚನಕ್ಕೆ ವಚನ ಎಸೆಯುವುದನ್ನು ಬಿಟ್ಟು, ಇವೆರಡೂ ಒಂದೇ ಸತ್ಯವೇದದಲ್ಲಿ ಹೇಗೆ ಕೂಡಿ ನಿಲ್ಲುತ್ತವೆ ಎಂದು ಯಾರಾದರೂ ವಿವರಿಸಿದರೆ ಉಪಕಾರವಾಗುತ್ತದೆ.

ಕೂಟದ ಸಹೋದರ

ಸಹೋದರರೇ, ನೀವು ಕೇಳಿದ ಬೋಧನೆಯನ್ನೇ ನಾನೂ ಬೋಧಿಸುತ್ತೇನೆ, ಆದುದರಿಂದ ನೇರವಾಗಿಯೇ ಉತ್ತರಿಸುತ್ತೇನೆ. ನಮ್ಮ ಪೂರ್ವಸ್ವಭಾವವು ಕ್ರಿಸ್ತನ ಸಂಗಡ ಶಿಲುಬೆಗೆ ಹಾಕಲ್ಪಟ್ಟಿತೆಂದು ಅಪೊಸ್ತಲನಾದ ಪೌಲನು ರೋಮಾಪುರದವರಿಗೆ ಬರೆಯುವಾಗ ಅದು ಆಗಿಹೋದ ಸಂಗತಿ. ಆಗುತ್ತಿರುವುದೂ ಅಲ್ಲ, ಮುಂದೆ ಆಗಬೇಕಾದದ್ದೂ ಅಲ್ಲ. ಕ್ರಿಸ್ತನಲ್ಲಿರುವವನು ನೂತನ ಸೃಷ್ಟಿ ಎಂದ ಮೇಲೆ ಅವನೊಳಗೆ ಹಳೆಯ ಸೃಷ್ಟಿಯ ಅರ್ಧಭಾಗ ಉಳಿದಿದೆ ಎನ್ನುವುದು ದೇವರ ಕೆಲಸವನ್ನು ಅರೆಬರೆ ಎಂದಂತೆ. ವಿಶ್ವಾಸಿಯು ಪಾಪ ಮಾಡಬಹುದು, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅವನು ಹಳೆಯ ಅಭ್ಯಾಸದಿಂದ, ನವೀಕರಣವಾಗದ ಮನಸ್ಸಿನಿಂದ ಹಾಗೆ ಮಾಡುತ್ತಾನೆಯೇ ಹೊರತು ಸ್ವಭಾವದಿಂದಲ್ಲ. ವರ್ಷಗಟ್ಟಲೆ ‘ನಾನು ನೀಚ ಪಾಪಿ’ ಎಂದು ಜಪಿಸುತ್ತ ಕುಳಿತವರು ಯಾರೂ ಪವಿತ್ರರಾದದ್ದನ್ನು ನಾನು ಕಂಡಿಲ್ಲ.

ಬೀದರ್ ಓದುಗ

ಹಾಗಾದರೆ ಕರ್ತನು ಕಲಿಸಿದ ಪ್ರಾರ್ಥನೆಯಲ್ಲಿ ತಪ್ಪುಗಳ ಕ್ಷಮೆ ಬೇಡುವ ಸಾಲನ್ನು ನಿಮ್ಮ ಕೂಟದಲ್ಲಿ ಬಿಟ್ಟು ಹೇಳುತ್ತೀರೋ?

ಕೂಟದ ಸಹೋದರ

ಆ ಪ್ರಾರ್ಥನೆ ಶಿಲುಬೆಗಿಂತ ಮುಂಚೆ ಕಲಿಸಿದ್ದು. ಶಿಲುಬೆಯಾದ ಮೇಲೆ ನಾವು ಬೇಡುವವರಲ್ಲ, ಪಡೆದುಕೊಂಡವರು. ಪಾಪಗಳನ್ನು ಒಪ್ಪಿಕೊಂಡರೆ ಕ್ಷಮೆ ದೊರೆಯುವುದೆನ್ನುವ ಒಂದನೆಯ ಯೋಹಾನ 1:9 ಕೂಡ ಪಾಪವೇ ಇಲ್ಲವೆಂದು ವಾದಿಸುತ್ತಿದ್ದ ದುರ್ಬೋಧಕರನ್ನು ಕುರಿತದ್ದು, ವಿಶ್ವಾಸಿಗಳನ್ನು ಕುರಿತದ್ದಲ್ಲ.

ಗದಗ-ಬೆಟಗೇರಿ

ಸಹೋದರರೇ, ಯೋಹಾನನು ಅಲ್ಲಿ ‘ನಾವು’ ಎಂದು ತನ್ನನ್ನೂ ಸೇರಿಸಿಕೊಂಡೇ ಮಾತನಾಡುತ್ತಾನೆ. ಮುಂದಿನ ಅಧ್ಯಾಯದ ಮೊದಲ ವಚನದಲ್ಲಿ ‘ನನ್ನ ಪ್ರಿಯ ಮಕ್ಕಳೇ’ ಎಂದು ಕರೆದು, ನೀವು ಪಾಪ ಮಾಡದಂತೆ ಇದನ್ನು ಬರೆಯುತ್ತೇನೆ, ಒಂದು ವೇಳೆ ಯಾವನಾದರೂ ಪಾಪ ಮಾಡಿದರೆ ತಂದೆಯ ಬಳಿಯಲ್ಲಿ ನಮಗೊಬ್ಬ ಸಹಾಯಕನಿದ್ದಾನೆ ಎನ್ನುತ್ತಾನೆ. ದುರ್ಬೋಧಕರನ್ನು ಯಾರು ಪ್ರಿಯ ಮಕ್ಕಳೇ ಎನ್ನುತ್ತಾರೆ? ಮತ್ತೊಂದು ಮಾತು. ಕರ್ತನ ಪ್ರಾರ್ಥನೆ ಶಿಲುಬೆಗೆ ಮುಂಚಿನದೆಂದು ಬದಿಗಿಟ್ಟರೆ ಬೆಟ್ಟದ ಪ್ರಸಂಗವನ್ನು ಇಡಿಯಾಗಿ ಬದಿಗಿಡಬೇಕಾಗುತ್ತದೆ. ವೈರಿಗಳನ್ನು ಪ್ರೀತಿಸಿರಿ ಎಂಬುದು ಮಾತ್ರ ನಿಮ್ಮ ಕೂಟದಲ್ಲಿ ಹೇಗೆ ಉಳಿದುಕೊಂಡಿತು?

ನನ್ನ ಮಟ್ಟಿಗೆ ಈ ಪ್ರಶ್ನೆಗೆ ಕೊಲೊಸ್ಸೆಯವರಿಗೆ ಬರೆದ ಪತ್ರದ ಮೂರನೆಯ ಅಧ್ಯಾಯ ಒಂದೇ ಸಾಕು. ಮೂರನೆಯ ವಚನದಲ್ಲಿ ನೀವು ಸತ್ತಿದ್ದೀರಿ ಎನ್ನುತ್ತಾನೆ, ಐದನೆಯ ವಚನದಲ್ಲಿ ಆದುದರಿಂದ ನಿಮ್ಮಲ್ಲಿರುವ ಭೂಸಂಬಂಧವಾದವುಗಳನ್ನು ಸಾಯಿಸಿರಿ ಎನ್ನುತ್ತಾನೆ. ಒಂಬತ್ತನೆಯ ವಚನದಲ್ಲಿ ಪೂರ್ವಸ್ವಭಾವವನ್ನು ಅವರು ಈಗಾಗಲೇ ತೆಗೆದುಹಾಕಿದ್ದಾರೆ, ಆದರೂ ಸುಳ್ಳಾಡಬೇಡಿರಿ ಎಂಬ ಅಪ್ಪಣೆ ಅವರಿಗೇ ಬರುತ್ತದೆ. ಸತ್ತದ್ದೂ ನಿಜ, ಸಾಯಿಸಬೇಕಾದದ್ದೂ ನಿಜ. ಇದರಲ್ಲಿ ಒಂದನ್ನು ಅಳಿಸಿದರೆ ಇನ್ನೊಂದಕ್ಕೆ ಅರ್ಥವೇ ಉಳಿಯುವುದಿಲ್ಲ.

ಮೈಸೂರು ವೆಸ್ಲಿಯನ್

ಈ ವಾದ ಹೊಸದಲ್ಲ. ಸುಮಾರು ಇನ್ನೂರೈವತ್ತು ವರ್ಷಗಳ ಹಿಂದೆ ಲಂಡನ್ನಿನಲ್ಲಿ ಇದೇ ಮಾತುಗಳಲ್ಲಿ ನಡೆದುಹೋಗಿದೆ, ಮತ್ತು ಅದರ ಕಥೆ ತಿಳಿದುಕೊಳ್ಳುವಂತಿದೆ.

ಮೊರಾವಿಯನ್ ಎಂಬ ಪ್ರೊಟೆಸ್ಟಂಟ್ ಸಭೆಯ ನಾಯಕನಾಗಿದ್ದ ಕೌಂಟ್ ಜಿನ್ಸೆಂಡಾರ್ಫ್ ಎಂಬ ಜರ್ಮನ್ ಶ್ರೀಮಂತನು, ಒಬ್ಬನು ನೀತಿವಂತನೆಂದು ನಿರ್ಣಯ ಹೊಂದಿದ ಕ್ಷಣದಲ್ಲಿಯೇ ಪೂರ್ಣವಾಗಿ ಪವಿತ್ರನೂ ಆಗುತ್ತಾನೆ, ಆಮೇಲೆ ಅವನ ಪವಿತ್ರತೆ ಹೆಚ್ಚುವುದೂ ಇಲ್ಲ ಕುಗ್ಗುವುದೂ ಇಲ್ಲ ಎಂದು ಕಲಿಸುತ್ತಿದ್ದನು. 1741ರ ಸೆಪ್ಟೆಂಬರ್ 3ರಂದು ಮೆಥೊಡಿಸ್ಟ್ ಚಳವಳಿಯ ಸ್ಥಾಪಕನಾದ ಜಾನ್ ವೆಸ್ಲಿ ಆತನನ್ನು ಲಂಡನ್ನಿನ ಗ್ರೇಸ್ ಇನ್ ಉದ್ಯಾನದಲ್ಲಿ ಭೇಟಿಯಾಗಿ, ಲ್ಯಾಟಿನ್ ಭಾಷೆಯಲ್ಲಿ ವಾದ ಮಾಡಿದನು. ಒಪ್ಪಂದವಾಗಲಿಲ್ಲ. ಸ್ವಾರಸ್ಯವೇನೆಂದರೆ, ವೆಸ್ಲಿಯೇನೂ ಪವಿತ್ರತೆಯ ವಿಷಯದಲ್ಲಿ ಸಣ್ಣ ಆಸೆಯುಳ್ಳವನಾಗಿರಲಿಲ್ಲ. ದೇವರ ಕೃಪೆಯಿಂದ ವಿಶ್ವಾಸಿಯು ಈ ಜೀವಮಾನದಲ್ಲಿಯೇ ಪೂರ್ಣ ಪ್ರೀತಿಯನ್ನು ಮುಟ್ಟಬಹುದೆಂದು ಅವನಷ್ಟು ಧೈರ್ಯವಾಗಿ ಸಾರಿದವರು ಕಡಿಮೆ. ಆದರೂ ಹುಟ್ಟಿದ ದಿನವೇ ಎಲ್ಲವೂ ಮುಗಿಯಿತೆಂಬುದನ್ನು ಅವನು ಒಪ್ಪಲಿಲ್ಲ.

ಇಂಥ ಬೋಧನೆಯ ಫಲ ಎರಡು ದಶಕಗಳ ನಂತರ ಅವನದೇ ಸಂಘದಲ್ಲಿ ಕಾಣಿಸಿಕೊಂಡಿತು. ಸೈನಿಕನಾಗಿದ್ದ ಜಾರ್ಜ್ ಬೆಲ್ ಎಂಬವನೂ ಅವನ ಬೆಂಬಲಕ್ಕೆ ನಿಂತ ಥಾಮಸ್ ಮ್ಯಾಕ್ಸ್‌ಫೀಲ್ಡ್ ಎಂಬ ಬೋಧಕನೂ ತಾವು ಪರಿಪೂರ್ಣರಾದೆವೆಂದು ಹೇಳಿಕೊಳ್ಳತೊಡಗಿದರು. ಮನುಷ್ಯನು ದೇವದೂತನಷ್ಟು ಪರಿಪೂರ್ಣನಾಗಬಲ್ಲನು, ತಪ್ಪೇ ಮಾಡದವನಾಗಬಲ್ಲನು, ಶೋಧನೆಗೆ ಮೇಲ್ಪಟ್ಟವನಾಗಬಲ್ಲನು ಎಂಬ ಎಣಿಕೆಯು ತನಗೆ ಹಿಡಿಸುವುದಿಲ್ಲವೆಂದು ವೆಸ್ಲಿ 1762ರ ನವೆಂಬರಿನಲ್ಲಿ ಮ್ಯಾಕ್ಸ್‌ಫೀಲ್ಡನಿಗೆ ಕಾಗದ ಬರೆದನು. ಬೆಲ್ ಅಲ್ಲಿಗೆ ನಿಲ್ಲಲಿಲ್ಲ. 1763ರ ಫೆಬ್ರವರಿ 28ರಂದು ಲೋಕವು ಮುಗಿಯುವುದೆಂದು ಪ್ರವಾದಿಸಿದನು. ಲೋಕ ಮುಗಿಯಲಿಲ್ಲ, ಸಂಘವಂತೂ ಒಡೆಯಿತು. ಸರಿಯಾಗಿ ಒಂದು ತಿಂಗಳಿಗೆ, ಅಂದರೆ ಮಾರ್ಚ್ 28ರಂದು, ವಿಶ್ವಾಸಿಗಳಲ್ಲಿರುವ ಪಾಪವನ್ನು ಕುರಿತ ಪ್ರಸಂಗವನ್ನು ವೆಸ್ಲಿ ಬರೆದು ಮುಗಿಸಿದನು. ಆ ಪ್ರಸಂಗಕ್ಕೆ ಅವನು ಆರಿಸಿಕೊಂಡ ವಚನ ಎರಡನೆಯ ಕೊರಿಂಥ 5:17, ಅಂದರೆ ಕೂಟದ ಸಹೋದರರು ಹಿಡಿದುಕೊಂಡಿರುವ ಅದೇ ನೂತನ ಸೃಷ್ಟಿಯ ವಚನ! ಅವನ ಉತ್ತರದ ಸಾರ ಇಷ್ಟು: ಪಾಪದ ಅಪರಾಧದಿಂದ ವಿಶ್ವಾಸಿಗೆ ಬಿಡುಗಡೆಯಾಗಿದೆ, ಪಾಪದ ಆಳ್ವಿಕೆಯಿಂದಲೂ ಬಿಡುಗಡೆಯಾಗಿದೆ, ಆದರೆ ಪಾಪದ ಇರುವಿಕೆಯಿಂದ ಇನ್ನೂ ಆಗಿಲ್ಲ. ಅದು ಉಳಿದಿದೆ, ಆದರೆ ಆಳುವುದಿಲ್ಲ.

ಧಾರವಾಡದವರು ಕೇಳಿದ ಪ್ರಶ್ನೆಗೆ ಇದಕ್ಕಿಂತ ಚೊಕ್ಕ ಉತ್ತರವನ್ನು ನಾನು ಓದಿಲ್ಲ.

ಬೀದರ್ ಓದುಗ

ಮೈಸೂರಿನವರ ಕಥೆ ಸರಿಯಾಗಿದೆ, ಆದರೆ ಪೂರ್ಣವಾಗಿಲ್ಲ. ಆ ಪ್ರಸಂಗದಲ್ಲಿ ವೆಸ್ಲಿಯು ತನ್ನ ಪಕ್ಷಕ್ಕೆ ಇಂಗ್ಲೆಂಡ್ ಸಭೆಯ ವಿಶ್ವಾಸವಿಧಿಗಳಲ್ಲಿ ಒಂಬತ್ತನೆಯ ವಿಧಿಯನ್ನು ಸಾಕ್ಷಿಯಾಗಿ ಕರೆಯುತ್ತಾನೆ. ಸ್ವಭಾವದ ಈ ಸೋಂಕು ಹೊಸದಾಗಿ ಹುಟ್ಟಿದವರಲ್ಲಿಯೂ ಉಳಿಯುತ್ತದೆ ಎಂದು ಆ ವಿಧಿ ಹೇಳುತ್ತದೆ. ಆದರೆ 1784ರಲ್ಲಿ ಅಮೆರಿಕದ ಮೆಥೊಡಿಸ್ಟರಿಗಾಗಿ ಆ ಸಭೆಯ ಮೂವತ್ತೊಂಬತ್ತು ವಿಧಿಗಳನ್ನು ಸಂಕ್ಷೇಪಿಸಿ ಕೊಟ್ಟಾಗ, ಅದೇ ವೆಸ್ಲಿ ಆ ವಿಧಿಯ ಮೊದಲ ಭಾಗವನ್ನಷ್ಟೇ ಉಳಿಸಿಕೊಂಡು, ಸೋಂಕು ಉಳಿಯುತ್ತದೆ ಎಂಬ ಭಾಗವನ್ನು ಕತ್ತರಿಸಿಬಿಟ್ಟನು. ನಮ್ಮ ಬೀದರ್ ಕಡೆಯ ಸಭೆಗಳು ಅಮೆರಿಕನ್ ಮೆಥೊಡಿಸ್ಟ್ ಮಿಷನ್ನಿನವು. ನಮಗೆ ಬಂದದ್ದು ಆ ಕತ್ತರಿಸಿದ ಪ್ರತಿ. ಮೈಸೂರಿನವರಿಗೆ ಬ್ರಿಟಿಷ್ ವೆಸ್ಲಿಯನ್ ಮಿಷನ್ನಿನ ಮೂಲಕ ಬಂದದ್ದು ಆ ಪ್ರಸಂಗ. ಒಬ್ಬನೇ ತಂದೆಯ ಎರಡು ಮನೆ!

ಕೂಟದ ಸಹೋದರ

ನೋಡಿದಿರಾ? ವೆಸ್ಲಿಗೇ ಆ ಸಾಲು ಸಾಕಾಯಿತು.

ಮೈಸೂರು ವೆಸ್ಲಿಯನ್

ಅಷ್ಟು ಬೇಗ ಸಂತೋಷಪಡಬೇಡಿರಿ. ಉಳಿದ ಪಾಪವು ಸಾಯುವ ತನಕ ಉಳಿಯಲೇಬೇಕು ಎಂಬ ಅರ್ಥ ಬರಬಾರದೆಂಬ ಕಾರಣಕ್ಕೆ ಅವನು ಆ ಸಾಲನ್ನು ತೆಗೆದಿರಬಹುದು. ಅದು ಅವನ ಪರಿಪೂರ್ಣ ಪ್ರೀತಿಯ ಬೋಧನೆಗೆ ಹೊಂದುತ್ತಿರಲಿಲ್ಲ. ಆದರೆ ಮತಾಂತರದ ದಿನವೇ ಪಾಪ ಬೇರುಸಹಿತ ಹೋಯಿತೆಂದು ಅವನು ಎಂದೂ ಬರೆಯಲಿಲ್ಲ, ತಾನೇ ಪರಿಪೂರ್ಣನಾದೆನೆಂದೂ ಹೇಳಿಕೊಳ್ಳಲಿಲ್ಲ. ನೀವು ಮೊದಲ ಮೆಟ್ಟಿಲಿಗೆ ಕೊಡುತ್ತಿರುವುದನ್ನು ಅವನು ಕೊನೆಯ ಮೆಟ್ಟಿಲಿಗೆ ಇಟ್ಟಿದ್ದನು.

ಕರಾವಳಿ ಕಥೋಲಿಕ

ಪ್ರೊಟೆಸ್ಟಂಟ್ ಸಹೋದರರ ಮನೆಯ ಜಗಳದಲ್ಲಿ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಬೇಕು. ನಮ್ಮ ಧರ್ಮಸಭೆ ಈ ವಿಷಯವನ್ನು ಕಥೋಲಿಕ ಬಿಷಪರ ಟ್ರೆಂಟ್ ಮಹಾಸಭೆಯ ಐದನೆಯ ಅಧಿವೇಶನದಲ್ಲಿ, 1546ರ ಜೂನ್ ತಿಂಗಳಲ್ಲಿ, ತೀರ್ಮಾನಿಸಿತು. ಸ್ನಾನದೀಕ್ಷೆಯಲ್ಲಿ ಜನ್ಮಪಾಪವು ನಿಜವಾಗಿ ತೆಗೆದುಹಾಕಲ್ಪಡುತ್ತದೆ. ಕೇವಲ ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಡುವುದಲ್ಲ. ಆದರೆ ಪಾಪದ ಕಡೆಗೆ ಎಳೆಯುವ ಒಲವು ದೀಕ್ಷೆ ಪಡೆದವರಲ್ಲಿಯೂ ಉಳಿಯುತ್ತದೆ. ಹೋರಾಟಕ್ಕಾಗಿ ಅದನ್ನು ಉಳಿಸಲಾಗಿದೆ. ಒಪ್ಪಿಗೆ ಕೊಡದೆ ಎದುರಿಸಿ ನಿಲ್ಲುವವರಿಗೆ ಅದು ಕೇಡು ಮಾಡಲಾರದು. ಪೌಲನು ಅದನ್ನು ಕೆಲವೊಮ್ಮೆ ಪಾಪವೆಂದು ಕರೆದಿದ್ದರೂ, ಅದು ಪಾಪದಿಂದ ಬಂದದ್ದು ಮತ್ತು ಪಾಪಕ್ಕೆ ಒಲಿಸುವುದು ಎಂಬ ಕಾರಣಕ್ಕೆ ಹಾಗೆ ಕರೆದನೇ ಹೊರತು ಅದು ಸ್ವತಃ ಪಾಪವಲ್ಲ ಎಂದು ಮಹಾಸಭೆ ಹೇಳಿತು. ಪ್ರೊಟೆಸ್ಟಂಟ್ ಸುಧಾರಕನಾದ ಲೂಥರನಿಗೂ ನಮಗೂ ಇರುವ ವ್ಯತ್ಯಾಸ ಇಲ್ಲಿಯೇ ಇದೆ. ಒಲವು ಉಳಿಯುತ್ತದೆ ಎಂಬುದನ್ನು ಇಬ್ಬರೂ ಒಪ್ಪುತ್ತೇವೆ. ಆ ಒಲವೇ ಪಾಪವೆಂದು ಅವನು, ಒಪ್ಪಿಗೆ ಬೆರೆತಾಗ ಮಾತ್ರ ಪಾಪವೆಂದು ನಾವು.

ದೇವಶಾಸ್ತ್ರ ವಿದ್ಯಾರ್ಥಿನಿ

ರೋಮಾಪುರದವರಿಗೆ ಬರೆದ ಪತ್ರದ ಏಳನೆಯ ಅಧ್ಯಾಯದ ಬಗ್ಗೆ ಯಾರೂ ಬಾಯಿ ಬಿಡದಿರುವುದು ನನಗೆ ಆಶ್ಚರ್ಯ. ಅದನ್ನು ಎಲ್ಲರೂ ವಿಶ್ವಾಸಿಯ ಅನುಭವವೆಂದು ಓದಿಕೊಂಡು ಬಂದಿದ್ದೇವೆ. ಮೆಚ್ಚುವುದನ್ನು ಮಾಡದೆ ಹೇಸುವುದನ್ನೇ ಮಾಡುವ ಆ ‘ನಾನು’ ಯಾರು ಎಂಬ ಪ್ರಶ್ನೆಗೆ ಸಭೆಯ ಇತಿಹಾಸದಲ್ಲಿ ಒಂದೇ ಉತ್ತರವಿಲ್ಲ. ಒರಿಗೆನ್, ಜಾನ್ ಕ್ರಿಸೊಸ್ತೊಮ್ ಮೊದಲಾದ ಗ್ರೀಕ್ ಪಿತೃಗಳು ಅದನ್ನು ಮೋಶೆಯ ಧರ್ಮಶಾಸ್ತ್ರದ ಕೆಳಗಿರುವ, ಕ್ರಿಸ್ತನ ಕೃಪೆಯನ್ನು ಇನ್ನೂ ಕಾಣದ ಮನುಷ್ಯನ ಮಾತೆಂದು ತಿಳಿದರು. ಹಿಪ್ಪೊ ಪಟ್ಟಣದ ಬಿಷಪನಾಗಿದ್ದ ಅಗಸ್ಟೀನನೂ ಮೊದಲು ಹಾಗೆಯೇ ಓದಿದನು. ಮನುಷ್ಯನ ಸ್ವಂತ ಶಕ್ತಿಯನ್ನು ಎತ್ತಿಹಿಡಿದ ಪೆಲಾಗಿಯಸನ ಅನುಯಾಯಿಗಳೊಡನೆ ವಾದಕ್ಕಿಳಿದ ಮೇಲೆ ಅವನ ಓದು ತಿರುಗಿತು. ಅದು ಕೃಪೆಯ ಕೆಳಗಿರುವ ಪೌಲನದೇ ಮಾತು ಎಂದನು. ಸುಧಾರಕರಾದ ಲೂಥರನೂ ಕಾಲ್ವಿನನೂ ಆ ಎರಡನೆಯ ಓದನ್ನೇ ಹಿಡಿದರು. 1590ರ ದಶಕದ ಆರಂಭದಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಅರ್ಮಿನಿಯಸ್ ಎಂಬ ಸಭಾಪಾಲಕನು ಹಳೆಯ ಗ್ರೀಕ್ ಓದನ್ನು ಮತ್ತೆ ಪ್ರಸಂಗಿಸಿದಾಗ ದೊಡ್ಡ ಗಲಾಟೆಯಾಯಿತು. 1929ರಲ್ಲಿ ಕ್ಯುಮ್ಮೆಲ್ ಎಂಬ ಜರ್ಮನ್ ವಿದ್ವಾಂಸನು ಆ ‘ನಾನು’ ಪೌಲನ ಆತ್ಮಕಥೆಯೇ ಅಲ್ಲ, ಅದೊಂದು ಮಾತಿನ ರೀತಿ ಎಂದು ವಾದಿಸಿದ ಮೇಲೆ ವಿದ್ವಾಂಸರಲ್ಲಿ ಅನೇಕರು ಆ ಕಡೆಗೆ ವಾಲಿದರು.

ನನಗೂ ಗ್ರೀಕ್ ಪಿತೃಗಳ ಓದೇ ಸರಿ ಕಾಣುತ್ತದೆ. ಆರನೆಯ ಅಧ್ಯಾಯದಲ್ಲಿ ಪಾಪದ ದಾಸತ್ವದಿಂದ ಬಿಡುಗಡೆಯಾದವನನ್ನು, ಏಳನೆಯ ಅಧ್ಯಾಯದ 14ನೆಯ ವಚನದಲ್ಲಿ ಪಾಪಕ್ಕೆ ಮಾರಲ್ಪಟ್ಟವನೆಂದು ಪೌಲನೇ ಹೇಳಲಾರನು. ಆ ಅಧ್ಯಾಯದ ಹೋರಾಟದ ಭಾಗದಲ್ಲಿ ಪವಿತ್ರಾತ್ಮನ ಹೆಸರೇ ಇಲ್ಲ. ಎಂಟನೆಯ ಅಧ್ಯಾಯದಲ್ಲಾದರೋ ಹೆಜ್ಜೆಹೆಜ್ಜೆಗೂ ಇದೆ.

ಕೂಟದ ಸಹೋದರ

ಅಮ್ಮಾ, ಇದನ್ನೇ ನಾವು ಹೇಳುತ್ತ ಬಂದದ್ದು. ಏಳನೆಯ ಅಧ್ಯಾಯ ವಿಶ್ವಾಸಿಯದಲ್ಲವೆಂದ ಮೇಲೆ ಅವರ ಪಕ್ಷದ ದೊಡ್ಡ ಕಂಬವೇ ಬಿತ್ತಲ್ಲವೇ?

ದೇವಶಾಸ್ತ್ರ ವಿದ್ಯಾರ್ಥಿನಿ

ಬೀಳಲಿಲ್ಲ, ಸರ್. ಆ ಅಧ್ಯಾಯವನ್ನು ಬಿಟ್ಟುಕೊಟ್ಟರೂ ಗಲಾತ್ಯದವರಿಗೆ 5:17 ಅಲ್ಲಿಯೇ ಇದೆ. ಶರೀರಭಾವವೂ (ಮನುಷ್ಯನೊಳಗಿನ ಪಾಪದ ಒಲವೂ) ಆತ್ಮನೂ ಒಂದಕ್ಕೊಂದು ವಿರುದ್ಧವಾಗಿ ಅಭಿಲಾಷಿಸುತ್ತವೆ ಎಂದು ಅಲ್ಲಿ ಹೇಳಿರುವುದು ಪವಿತ್ರಾತ್ಮನನ್ನು ಹೊಂದಿದ ಸಭೆಗೇ. ಅದೇ ಅಧ್ಯಾಯದ 24ನೆಯ ವಚನ, ಕ್ರಿಸ್ತ ಯೇಸುವಿನವರು ಶರೀರಭಾವವನ್ನು ಶಿಲುಬೆಗೆ ಹಾಕಿದ್ದಾರೆ ಎನ್ನುತ್ತದೆ. ಶಿಲುಬೆಗೆ ಹಾಕಿಸಿಕೊಂಡದ್ದು ಇನ್ನೂ ಅಭಿಲಾಷಿಸುತ್ತದೆ! ಶಿಲುಬೆ ತಕ್ಷಣ ಕೊಲ್ಲುವ ಸಾಧನವಾಗಿರಲಿಲ್ಲವೆಂಬುದು ಪೌಲನ ಓದುಗರಿಗೆ ಚೆನ್ನಾಗಿ ಗೊತ್ತಿತ್ತು. ನಾನು ಬಿಟ್ಟುಕೊಡುತ್ತಿರುವುದು ಸೋಲನ್ನೇ ವಿಶ್ವಾಸಿಯ ಸಹಜ ಸ್ಥಿತಿ ಎನ್ನುವ ಓದನ್ನು, ಹೋರಾಟವನ್ನಲ್ಲ.

ಹಳೆಯ ಅಧ್ಯಾಪಕ

ಎರಡು ಪಕ್ಷದವರೂ ‘ಸ್ವಭಾವ’ ಎಂಬುದನ್ನು ಒಳಗೆ ಕುಳಿತಿರುವ ಒಂದು ವಸ್ತುವಿನಂತೆ ಮಾತನಾಡುತ್ತಿದ್ದೀರಿ: ಇದೆಯೋ ಇಲ್ಲವೋ, ತೆಗೆದರೋ ಬಿಟ್ಟರೋ ಎಂದು. ಈ ಗೊಂದಲವನ್ನು ಲೂಥರನ ಶಿಷ್ಯರೇ ಬಹಳ ಹಿಂದೆ ಅನುಭವಿಸಿ ದಾಟಿದ್ದಾರೆ. 1560ರಲ್ಲಿ ವೈಮಾರ್ ನಗರದ ವಾದದಲ್ಲಿ ಫ್ಲಾಸಿಯಸ್ ಎಂಬ ಪಂಡಿತನು, ಬಿದ್ದುಹೋದ ಮನುಷ್ಯನ ಸತ್ತ್ವವೇ ಜನ್ಮಪಾಪವೆಂದು ಹೇಳುವಷ್ಟು ದೂರ ಹೋದನು. ಲೂಥರನಿಗಿಂತ ಹೆಚ್ಚು ಲೂಥರನಾಗುವ ಹಟ! ಲೂಥರನ್ ಸಭೆಗಳ ವಿಶ್ವಾಸಪತ್ರವಾದ 1577ರ ಒಪ್ಪಂದಸೂತ್ರ ತನ್ನ ಮೊದಲನೆಯ ವಿಧಿಯಲ್ಲಿಯೇ ಇದನ್ನು ತಳ್ಳಿಹಾಕಿತು. ಪಾಪವು ಮನುಷ್ಯನ ಸತ್ತ್ವವೇ ಆಗಿದ್ದರೆ, ನಮ್ಮನ್ನು ಉಂಟುಮಾಡುವ ದೇವರು ಪಾಪವನ್ನೇ ಉಂಟುಮಾಡಿದಂತೆ. ಮನುಷ್ಯತ್ವವನ್ನು ಧರಿಸಿದ ಕ್ರಿಸ್ತನು ಪಾಪವನ್ನೇ ಧರಿಸಿದಂತೆ. ಪುನರುತ್ಥಾನದಲ್ಲಿ ಏಳುವುದೂ ಪಾಪವೇ. ಆದುದರಿಂದ ಪಾಪವು ಮನುಷ್ಯ ಸ್ವಭಾವವನ್ನು ಆಳವಾಗಿ ಕೆಡಿಸಿರುವ ಕೇಡು, ಆದರೆ ಸ್ವಭಾವವೇ ಅಲ್ಲ ಎಂದು ಅವರು ನಿರ್ಣಯಿಸಿದರು.

ಇದನ್ನು ನಿಮ್ಮ ಚರ್ಚೆಗೆ ಹಚ್ಚಿ ನೋಡಿರಿ. ವಿಶ್ವಾಸಿಯೊಳಗೆ ಪಾಪದ್ದೊಂದು, ದೇವರದ್ದೊಂದು ಎಂದು ಎರಡು ಸ್ವಭಾವಗಳಿವೆ ಎನ್ನುವವರು ಅರಿಯದೆ ಒಬ್ಬನೊಳಗೆ ಇಬ್ಬರನ್ನು ಕೂರಿಸುತ್ತಾರೆ. 1909ರ ಸ್ಕೊಫೀಲ್ಡ್ ಟಿಪ್ಪಣಿಗಳ ಸತ್ಯವೇದದ ಮೂಲಕ ಈ ಎಣಿಕೆ ಬಹಳ ದೂರ ಹರಡಿತು. ಪಾಪಸ್ವಭಾವವೇ ಇಲ್ಲವೆನ್ನುವ ಕೂಟದ ಸಹೋದರರು ಅದೇ ಚಿತ್ರದಿಂದ ಒಬ್ಬನನ್ನು ಹೊರಗೆ ಕಳುಹಿಸುತ್ತಾರೆ, ಅಷ್ಟೇ ವ್ಯತ್ಯಾಸ. ನಾನು ಕೇಳುವುದು ಒಂದೇ ಪ್ರಶ್ನೆ: ಪಾಪ ಮಾಡಿದಾಗ ಮಾಡಿದವನು ಯಾರು? ‘ನನ್ನ ಹಳೆಯ ಸ್ವಭಾವ ಮಾಡಿತು’ ಎಂಬ ಉತ್ತರವೂ ‘ನಾನಲ್ಲ, ನನ್ನ ನವೀಕರಣವಾಗದ ಮನಸ್ಸು ಮಾಡಿತು’ ಎಂಬ ಉತ್ತರವೂ ಒಂದೇ ಬಾಗಿಲಿನಿಂದ ತಪ್ಪಿಸಿಕೊಂಡು ಹೋಗುತ್ತವೆ. ದಾವೀದನು 51ನೆಯ ಕೀರ್ತನೆಯಲ್ಲಿ ತಾನು ಹುಟ್ಟಿನಿಂದಲೇ ಪಾಪಿ ಎಂದು ಒಪ್ಪಿಕೊಂಡರೂ ಅದನ್ನು ನೆಪವಾಗಿ ಮುಂದಿಡಲಿಲ್ಲ. ನಿನಗೆ, ನಿನಗೇ ತಪ್ಪು ಮಾಡಿದ್ದೇನೆ ಎಂದನು.

ಉಡುಪಿಯ ನಿವೃತ್ತ

ಅಧ್ಯಾಪಕರ ಮಾತು ಭಾರವಾಯಿತು, ನಾನು ಹಗುರವಾಗಿ ಹೇಳುತ್ತೇನೆ. ದೇವರಾಜ ಅರಸರ ಕಾಲದಲ್ಲಿ, 1974ರ ಭೂಸುಧಾರಣೆ ತಿದ್ದುಪಡಿಯ ಮೇಲೆ, ನಮ್ಮ ಜಿಲ್ಲೆಯಲ್ಲಿ ಎಷ್ಟೋ ಗೇಣಿದಾರರು ತಾವು ಉಳುತ್ತಿದ್ದ ಗದ್ದೆಗೆ ತಾವೇ ಒಡೆಯರಾದರು. ಹಕ್ಕುಪತ್ರ ಕೈಯಲ್ಲಿತ್ತು, ಗೇಣಿ ಕೊಡಬೇಕಾಗಿರಲಿಲ್ಲ. ಆದರೂ ಹಳೆಯ ಧಣಿ ಗದ್ದೆಯ ಹುಣಿಯ ಮೇಲೆ ನಡೆದುಬಂದರೆ ಹೆಗಲ ಮೇಲಿನ ಬೈರಾಸು ತಾನಾಗಿಯೇ ಕೆಳಗಿಳಿಯುತ್ತಿತ್ತು. ರೋಮಾಪುರದವರಿಗೆ 6:14ರಲ್ಲಿ ಪಾಪವು ನಿಮ್ಮ ಮೇಲೆ ಅಧಿಕಾರ ನಡಿಸುವುದಿಲ್ಲ ಎಂದು ಹೇಳಿರುವುದು ಹಕ್ಕುಪತ್ರದ ಮಾತು. ಧಣಿ ಸತ್ತುಹೋದನೆಂದು ಅಲ್ಲಿ ಬರೆದಿಲ್ಲ.

ಗದಗ-ಬೆಟಗೇರಿ

ಬಹಳ ಚೆನ್ನಾಗಿದೆ, ಆದರೆ ಒಂದು ಕಡೆ ಕುಂಟುತ್ತದೆ. ಧಣಿ ಗದ್ದೆಯ ಹೊರಗಿನವನು. ಯಾಕೋಬನ ಪತ್ರದ ಪ್ರಕಾರ ಮನುಷ್ಯನನ್ನು ಎಳೆದುಕೊಂಡು ಹೋಗುವುದು ಅವನ ಸ್ವಂತ ಆಶೆಯೇ. ಹಕ್ಕು ಬದಲಾದರೆ ಸಾಲದು, ಆಶೆಯೇ ಬದಲಾಗಬೇಕು. ಅದಕ್ಕೆ ಪ್ರವಾದಿಯಾದ ಯೆಹೆಜ್ಕೇಲನು ಹೊಸ ಹೃದಯದ ವಾಗ್ದಾನ ತಂದನು.

ಉಡುಪಿಯ ನಿವೃತ್ತ

ಒಪ್ಪಿದೆ. ಆ ಹೊಸ ಹೃದಯ ಬಂದದ್ದರಿಂದಲೇ ಬೈರಾಸು ಇಳಿಸಿದ್ದಕ್ಕೆ ಆಮೇಲೆ ನಾಚಿಕೆಯಾಗುವುದು.

ಶೃಂಗೇರಿ ಸೀಮೆಯವ

ನಾನು ಕ್ರೈಸ್ತನಲ್ಲ, ಆದರೆ ಓದುತ್ತಿದ್ದೇನೆ. ನಿಮ್ಮ ಪ್ರಶ್ನೆ ನಮ್ಮ ಕಡೆಯದೊಂದು ಹಳೆಯ ಪ್ರಶ್ನೆಗೆ ಬಹಳ ಹತ್ತಿರವಾಗಿದೆ. ಜ್ಞಾನ ಉಂಟಾದ ಮೇಲೆಯೂ ಜ್ಞಾನಿಯ ದೇಹ ಏಕೆ ಉಳಿಯುತ್ತದೆ, ವಾಸನೆಗಳು, ಅಂದರೆ ಹಳೆಯ ಸಂಸ್ಕಾರಗಳು, ಉಳಿಯುತ್ತವೆಯೇ ಎಂದು ಅದ್ವೈತಿಗಳು ಶತಮಾನಗಳ ಕಾಲ ವಾದಿಸಿದ್ದಾರೆ. ಹದಿನಾಲ್ಕನೆಯ ಶತಮಾನದ ವಿದ್ಯಾರಣ್ಯರ ಜೀವನ್ಮುಕ್ತಿವಿವೇಕದಲ್ಲಿ ತತ್ತ್ವಜ್ಞಾನ ಒಂದೇ ಸಾಲದು, ವಾಸನಾಕ್ಷಯ ಮತ್ತು ಮನೋನಾಶಗಳ ಅಭ್ಯಾಸವೂ ಜೊತೆಗೆ ನಡೆಯಬೇಕೆಂಬ ವಿಚಾರವಿದೆ. ನಿಮ್ಮ ‘ಉಳಿದಿದೆ, ಆದರೆ ಆಳುವುದಿಲ್ಲ’ ಎಂಬುದು ಇದೇ ಅಲ್ಲವೇ?

ದೇವಶಾಸ್ತ್ರ ವಿದ್ಯಾರ್ಥಿನಿ

ಸಾಮ್ಯ ಇದೆ, ಸರ್, ಮತ್ತು ಕನ್ನಡದ ಕ್ರೈಸ್ತರು ಇದನ್ನು ಗಮನಿಸಬೇಕು. ವ್ಯತ್ಯಾಸವೂ ದೊಡ್ಡದು. ನಿಮ್ಮಲ್ಲಿ ಪ್ರಾರಬ್ಧಕರ್ಮವು ದೇಹದೊಡನೆ ತೀರಿಹೋಗುತ್ತದೆ. ನಮ್ಮಲ್ಲಿ ದೇಹವೇ ಬಿಡುಗಡೆ ಹೊಂದಿ ಎದ್ದುಬರಬೇಕು, ಆದುದರಿಂದ ದೋಷವನ್ನು ದೇಹದ ಮೇಲೆ ಹೊರಿಸುವಂತಿಲ್ಲ. ಪೌಲನು ಶರೀರಭಾವದ ಕೃತ್ಯಗಳನ್ನು ಹೇಳುವಾಗ ಹಗೆತನ, ಹೊಟ್ಟೆಕಿಚ್ಚು, ಪಕ್ಷಭೇದ ಇವೆಲ್ಲವೂ ಆ ಪಟ್ಟಿಯಲ್ಲಿವೆ. ಇವು ಮಾಂಸದ ಪಾಪಗಳಲ್ಲ, ಮನಸ್ಸಿನ ಪಾಪಗಳು. ಇಲ್ಲಿ ಕೆಟ್ಟಿರುವುದು ಮತ್ತೊಬ್ಬರೊಡನೆ ಇರುವ ಸಂಬಂಧ.

ಬೀದರ್ ಓದುಗ

ಪಕ್ಷಭೇದ ಆ ಪಟ್ಟಿಯಲ್ಲಿದೆ ಎಂಬುದನ್ನು ಸಭಾ ಚುನಾವಣೆಯ ದಿನ ಓದಿಸಬೇಕು.

ಹುಬ್ಬಳ್ಳಿಯ ಸಹೋದರಿ

ಈ ಹಾಸ್ಯದಲ್ಲಿಯೂ ನಿಜವಿದೆ, ಆದರೆ ನಾನು ಬೇರೊಂದು ಕಡೆಯಿಂದ ಹೇಳಬೇಕೆಂದಿದ್ದೇನೆ. ಯೌವನಸ್ಥರ ನಡುವೆ ಕೆಲಸ ಮಾಡುವವರಿಗೆ ಈ ಬೋಧನೆಯ ಫಲ ಪುಸ್ತಕಕ್ಕಿಂತ ಮೊದಲು ಮನುಷ್ಯರಲ್ಲಿ ಕಾಣುತ್ತದೆ. ನಿನ್ನಲ್ಲಿ ಪಾಪಸ್ವಭಾವವೇ ಇಲ್ಲವೆಂದು ಕಲಿತ ಹುಡುಗನಿಗೆ ಮರುದಿನ ಕೆಟ್ಟ ಆಶೆ ಹುಟ್ಟಿದಾಗ ಅವನ ಮುಂದೆ ಎರಡೇ ದಾರಿ. ತಾನು ಹೊಸದಾಗಿ ಹುಟ್ಟಲೇ ಇಲ್ಲವೆಂದು ಹೆದರುವುದು ಒಂದು. ಆಶೆಗೆ ಬೇರೊಂದು ಹೆಸರಿಟ್ಟು ಅಡಗಿಸುವುದು ಇನ್ನೊಂದು. ಮೊದಲನೆಯವನು ಪ್ರತಿ ಕೂಟದಲ್ಲಿಯೂ ಮತ್ತೆ ಮತ್ತೆ ರಕ್ಷಣೆಯ ಪ್ರಾರ್ಥನೆ ಮಾಡುತ್ತಾನೆ. ಎರಡನೆಯವನು ಕಾಲಕ್ರಮದಲ್ಲಿ ಕೂಟದ ನಾಯಕನಾಗುತ್ತಾನೆ, ಮತ್ತು ಅವನನ್ನು ಪ್ರಶ್ನಿಸಲು ಯಾರಿಗೂ ಧೈರ್ಯ ಬರುವುದಿಲ್ಲ. ಪಾಪವೇ ಇಲ್ಲದವನ ತಪ್ಪನ್ನು ತೋರಿಸುವುದು ಹೇಗೆ?

ಎದುರು ಪಕ್ಷದ ಬೋಧನೆಯೂ ಪೆಟ್ಟು ಮಾಡುತ್ತದೆ. ಹೆಂಡತಿಯ ಮೇಲೆ ಕೈ ಮಾಡಿ, ಆಮೇಲೆ ಎಲ್ಲರೂ ಪಾಪಿಗಳೇ, ನನ್ನಲ್ಲಿಯೂ ಹಳೆಯ ಮನುಷ್ಯನಿದ್ದಾನೆ ಎಂದು ಕಣ್ಣೀರು ಹಾಕುವ ಗಂಡಸರಿಗೆ ಸಭೆಯಲ್ಲಿ ಬೇಗ ಕನಿಕರ ಸಿಗುತ್ತದೆ. ಹೆಂಡತಿಗೆ ಸಿಗುವುದು ಕ್ಷಮಿಸಬೇಕೆಂಬ ಬುದ್ಧಿಮಾತು. ಅಧ್ಯಾಪಕರು ‘ಮಾಡಿದವನು ಯಾರು’ ಎಂದು ಕೇಳಿದ್ದನ್ನು ನಾನು ಇಲ್ಲಿ ಕೇಳಬಯಸುತ್ತೇನೆ.

ಕೂಟದ ಸಹೋದರ

ಸಹೋದರಿಯವರೇ, ನಾಯಕರ ದುರ್ನಡತೆ ಎಲ್ಲ ಸಭೆಗಳಲ್ಲಿಯೂ ಇದೆ, ಅರಿಕೆ ಓದುವ ಸಭೆಗಳಲ್ಲಿಯೂ ಇದೆ. ಅದನ್ನು ನಮ್ಮ ಬೋಧನೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ನಾವು ಜನರಿಗೆ ಕೊಡುವುದು ನಿರೀಕ್ಷೆ. ವಾರವಾರವೂ ಅದೇ ಅರಿಕೆಯನ್ನು ಅದೇ ಮಾತಿನಲ್ಲಿ ಓದಿ, ಬದಲಾಗುತ್ತೇನೆಂಬ ಎಣಿಕೆಯೇ ಇಲ್ಲದೆ ಮನೆಗೆ ಹೋಗುವುದಕ್ಕಿಂತ ಅದು ಮೇಲು.

ಹುಬ್ಬಳ್ಳಿಯ ಸಹೋದರಿ

ಬದಲಾಗುವ ಎಣಿಕೆಯಿಲ್ಲದ ಅರಿಕೆಯ ಬಗ್ಗೆ ನಿಮ್ಮ ದೂರು ನ್ಯಾಯವಾದದ್ದೇ. ಅದಕ್ಕೆ ಮದ್ದು ಅರಿಕೆಯನ್ನು ನಿಜವಾಗಿ ಮಾಡುವುದು, ನಿಲ್ಲಿಸುವುದಲ್ಲ.

ಮೈಸೂರು ವೆಸ್ಲಿಯನ್

ಒಂದು ವಿಷಯ ಸೇರಿಸುತ್ತೇನೆ. 1947ರ ಸೆಪ್ಟೆಂಬರ್ 27ರಂದು ಸಿ.ಎಸ್.ಐ. ಆದಾಗ ಒಂದಾದವರು ಇಂಗ್ಲೆಂಡ್ ಸಭೆಯ ಪರಂಪರೆಯ ಆಂಗ್ಲಿಕನರು, ಮೆಥೊಡಿಸ್ಟರು, ಮತ್ತು ಪ್ರೆಸ್ಬಿಟೇರಿಯನ್-ಕಾಂಗ್ರಿಗೇಷನಲ್ ಮೂಲದ ದಕ್ಷಿಣ ಭಾರತ ಐಕ್ಯ ಸಭೆಯವರು. ಬಿಷಪರ ಅಧಿಕಾರದ ವಿಷಯದಲ್ಲಿ ಇವರು ಹತ್ತಾರು ವರ್ಷ ಚೌಕಾಶಿ ಮಾಡಿದರು. ವಿಶ್ವಾಸಿಗೂ ಪಾಪದ ಅರಿಕೆ ಬೇಕು ಎಂಬ ವಿಷಯದಲ್ಲಿ ಜಗಳವಾಡುವ ಅಗತ್ಯ ಬೀಳಲಿಲ್ಲ. ಪ್ರಭು ಭೋಜನಕ್ಕಾಗಿ 1950ರಲ್ಲಿ ಸಿದ್ಧವಾದ ಆರಾಧನಾಕ್ರಮದಲ್ಲಿ ಅದು ಸಹಜವಾಗಿ ಬಂದು ಕುಳಿತಿತು. ಆಂಗ್ಲಿಕನರ ಒಂಬತ್ತನೆಯ ವಿಧಿ, ಪ್ರೆಸ್ಬಿಟೇರಿಯನರ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸಪ್ರಕಟಣೆಯ ಆರನೆಯ ಅಧ್ಯಾಯ, ವೆಸ್ಲಿಯ ಪ್ರಸಂಗ, ಮೂರೂ ಇದರಲ್ಲಿ ಒಂದೇ ಮಾತನಾಡಿದ್ದವು.

ಧಾರವಾಡದ ಓದುಗ

ಎಲ್ಲರಿಗೂ ಕೃತಜ್ಞತೆಗಳು. ‘ಆಳುವುದಿಲ್ಲ, ಆದರೆ ಉಳಿದಿದೆ’ ಎಂಬಲ್ಲಿಗೆ ನಾನು ಬಂದು ನಿಂತಿದ್ದೇನೆ. ಆದರೆ ಒಂದನೆಯ ಯೋಹಾನ 3:9ಕ್ಕೆ ಯಾರೂ ಉತ್ತರ ಕೊಡಲಿಲ್ಲ. ದೇವರಿಂದ ಹುಟ್ಟಿದವನು ಪಾಪ ಮಾಡಲಾರನು ಎಂದು ಅಲ್ಲಿ ಸ್ಪಷ್ಟವಾಗಿದೆಯಲ್ಲ!

ಹಳೆಯ ಅಧ್ಯಾಪಕ

ಅಲ್ಲಿ ಹೇಳಿರುವುದು ಪಾಪದಲ್ಲಿಯೇ ನಡೆಯುತ್ತಿರುವ ಬಾಳನ್ನು ಕುರಿತು ಎಂದು ಬಹುಮಂದಿ ವಿವರಿಸುತ್ತಾರೆ. ವಚನದ ಕ್ರಿಯಾಪದದ ಮೇಲೆ ಅಷ್ಟೊಂದು ಭಾರ ಹಾಕುವುದು ನನಗೆ ಹಿಡಿಸದಿದ್ದರೂ, ಸಂದರ್ಭ ಅದನ್ನೇ ಬೆಂಬಲಿಸುತ್ತದೆ. ಮರುವಚನದಲ್ಲಿಯೇ ಅವನು ಅಳತೆಗೋಲನ್ನು ಹೇಳುತ್ತಾನೆ: ಸಹೋದರನನ್ನು ಪ್ರೀತಿಸದವನು ದೇವರಿಂದ ಹುಟ್ಟಿದವನಲ್ಲ. ಯೋಹಾನನಿಗೆ ಬೇಕಾದದ್ದು ವಿಶ್ವಾಸಿ ಎಂದೂ ಎಡವನು ಎಂಬ ಭರವಸೆಯಲ್ಲ. ಸಹೋದರನನ್ನು ದ್ವೇಷಿಸಿಕೊಂಡೇ ಇರುವವನು ತಾನು ಬೆಳಕಿನಲ್ಲಿದ್ದೇನೆಂದು ಹೇಳಿಕೊಳ್ಳದಿರಲಿ ಎಂಬ ಎಚ್ಚರಿಕೆ.

ಮತ್ತು ಪೇತ್ರನನ್ನು ನೋಡಿರಿ. ಪಂಚಾಶತ್ತಮ ದಿನದಲ್ಲಿ ಪವಿತ್ರಾತ್ಮನನ್ನು ಹೊಂದಿದವನು, ಕೊರ್ನೇಲ್ಯನ ಮನೆಯಲ್ಲಿ ಅನ್ಯಜನರೊಡನೆ (ಯೆಹೂದ್ಯರಲ್ಲದವರೊಡನೆ) ಬೆರೆತವನು, ಅಂತಿಯೋಕ್ಯದಲ್ಲಿ ಯೆರೂಸಲೇಮಿನವರು ಬಂದೊಡನೆ ಹೆದರಿ ಅನ್ಯಜನರ ಪಂಕ್ತಿಯಿಂದ ಎದ್ದುಹೋದನು. ಪಂಕ್ತಿಭೇದವೆಂದರೇನೆಂದು ನಮ್ಮ ನಾಡಿನವರಿಗೆ ವಿವರಿಸಬೇಕಾಗಿಲ್ಲ. ಪೌಲನು ಎಲ್ಲರ ಮುಂದೆ ಅವನನ್ನು ತಡೆದು ನಿಲ್ಲಿಸಿದನು. ಆಗ ಪೌಲನು ನಿನ್ನ ಪೂರ್ವಸ್ವಭಾವ ಎದ್ದಿದೆ ಎಂದೂ ಹೇಳಲಿಲ್ಲ, ನೀನು ಹೊಸದಾಗಿ ಹುಟ್ಟಲೇ ಇಲ್ಲವೆಂದೂ ಹೇಳಲಿಲ್ಲ. ಸುವಾರ್ತೆಯ ಸತ್ಯಕ್ಕೆ ಸರಿಯಾಗಿ ನಡೆಯುತ್ತಿಲ್ಲವೆಂದು ಕಂಡು, ಪೇತ್ರನನ್ನೇ ಕೇಳಿದನು.

ಕೂಟದ ಸಹೋದರ

ಪೇತ್ರನ ವಿಷಯ ನನಗೆ ಕಷ್ಟವೆಂಬುದನ್ನು ಒಪ್ಪುತ್ತೇನೆ. ಆದರೆ ಒಂದನೆಯ ಥೆಸಲೋನಿಕ 5:23ರಲ್ಲಿ ದೇವರು ನಿಮ್ಮನ್ನು ಪರಿಪೂರ್ಣವಾಗಿ ಪವಿತ್ರಮಾಡಲಿ ಎಂದು ಪೌಲನು ಪ್ರಾರ್ಥಿಸುತ್ತಾನೆ, ಮತ್ತು ಮುಂದಿನ ವಚನದಲ್ಲಿ ಕರೆದಾತನು ಅದನ್ನು ಮಾಡುವನು ಎನ್ನುತ್ತಾನೆ. ನೀವೆಲ್ಲರೂ ಅದನ್ನು ಸಾವಿನ ಆಚೆಗೆ ತಳ್ಳಿಬಿಟ್ಟಿದ್ದೀರಿ.

ಮೈಸೂರು ವೆಸ್ಲಿಯನ್

ನಾನು ತಳ್ಳಿಲ್ಲ. ಆ ಪ್ರಾರ್ಥನೆಗೆ ಆಮೆನ್ ಎನ್ನುವವರಲ್ಲಿ ನಾನೂ ಒಬ್ಬ. ಆದರೆ ಅದು ಪ್ರಾರ್ಥನೆ, ಸಹೋದರರೇ. ಆಗಲೇ ವಿಶ್ವಾಸಿಗಳಾಗಿದ್ದವರಿಗಾಗಿ ಮಾಡಿದ್ದು. ಅವರಲ್ಲಿ ಎಲ್ಲವೂ ಮುಗಿದಿದ್ದರೆ ಪೌಲನು ಅದನ್ನು ಏಕೆ ಬೇಡುತ್ತಿದ್ದನು?

ಕೂಟದ ಸಹೋದರ

ಅದಕ್ಕೆ ಉತ್ತರ ಕೊಡುತ್ತೇನೆ, ರೋಮಾಪುರದವರಿಗೆ 8:10ರಿಂದ ಆರಂಭಿಸಿ ಬರೆಯುತ್ತೇನೆ. ಸ್ವಲ್ಪ ಉದ್ದವಾಗುತ್ತದೆ.

ಬೀದರ್ ಓದುಗ

ಬರೆಯಿರಿ. ಹತ್ತರಲ್ಲಿ ನಿಲ್ಲಿಸದೆ ಹದಿಮೂರನೆಯ ವಚನವನ್ನೂ ಸೇರಿಸಿಕೊಳ್ಳಿರಿ; ದೇಹದ ದುರಭ್ಯಾಸಗಳನ್ನು ಆತ್ಮನಿಂದ ನಾಶಮಾಡಬೇಕೆಂಬ ಮಾತು ಅಲ್ಲಿದೆ.